ಕಾಲವೂ ಕಾಲ್ನಡಿಗೆಯೂ

ಇಂದು ಯಾರನ್ನು ಕೇಳಿದರೂ ಮೊದಲು ಬರುವ ಉತ್ತರ ‘ಹೊತ್ತಿಲ್ಲ’ ಎಂಬುದು. ವ್ಯಾಪಾರಿಗೆ ಹೊತ್ತಿಲ್ಲ, ನೌಕರನಿಗೆ ಹೊತ್ತಿಲ್ಲ, ವಿದ್ಯಾರ್ಥಿಗೆ ಹೊತ್ತಿಲ್ಲ. ನಿವೃತ್ತನಾಗಿ ಮನೆಯಲ್ಲಿ ಕುಳಿತವನಿಗೂ ಹೊತ್ತಿಲ್ಲ. ಮಠಕ್ಕೆ ಬಂದ ಭಕ್ತರು ನಮಸ್ಕರಿಸಿ ಮೇಲೇಳುವ ಮೊದಲೇ ಗಡಿಯಾರ ನೋಡಿಕೊಳ್ಳುವುದನ್ನು ನಾವು ಕಂಡಿದ್ದೇವೆ. ಹಾಗೆಂದು ಅವರನ್ನು ಆಕ್ಷೇಪಿಸುವ ಅಧಿಕಾರ ನಮಗಿಲ್ಲ. ದಿನಕ್ಕೆ ಹತ್ತು ಸಲ ನಾವೂ ಅದೇ ಮಾತನ್ನು ಆಡುತ್ತೇವೆ. ಆದುದರಿಂದ ಈ ಲೇಖನವನ್ನು ಉಪದೇಶವೆಂದು ತಿಳಿಯದೆ, ಒಂದೇ ರೋಗಕ್ಕೆ ಗುರಿಯಾದವರು ಒಟ್ಟಿಗೆ ಕುಳಿತು ಮದ್ದನ್ನು ಹುಡುಕುವ ಪ್ರಯತ್ನವೆಂದು ವಾಚಕರು ಭಾವಿಸಬೇಕು.

ಕಾಲದ ಸದ್ವಿನಿಯೋಗವೆಂದರೇನು? ಸಾಮಾನ್ಯವಾಗಿ ನಾವು ಕಾಲವನ್ನು ಧನದಂತೆ ಎಣಿಸುತ್ತೇವೆ. ಉಳಿಸುವುದು, ಕಳೆಯುವುದು, ವ್ಯಯಿಸುವುದು ಮುಂತಾಗಿ ನಾವು ಬಳಸುವ ಕ್ರಿಯಾಪದಗಳೆಲ್ಲ ಲೆಕ್ಕದ ಪುಸ್ತಕದಿಂದಲೇ ಬಂದವು. ಆದರೆ ಧನಕ್ಕೂ ಕಾಲಕ್ಕೂ ಒಂದು ಮೂಲಭೂತವಾದ ವ್ಯತ್ಯಾಸವಿದೆ. ಉಳಿಸಿದ ಹಣವನ್ನು ಪೆಟ್ಟಿಗೆಯಲ್ಲಿಟ್ಟು ನಾಳೆ ತೆಗೆಯಬಹುದು. ಉಳಿಸಿದ ಗಳಿಗೆಯನ್ನು ಇಡಲು ಪೆಟ್ಟಿಗೆಯಿಲ್ಲ. ನಡೆದು ಹೋಗುವ ದಾರಿಯನ್ನು ವಾಹನದಲ್ಲಿ ಹೋಗಿ ಅರ್ಧ ಗಂಟೆ ಉಳಿಸಿದವನನ್ನು ‘ಆ ಅರ್ಧ ಗಂಟೆ ಎಲ್ಲಿದೆ?’ ಎಂದು ಕೇಳಿ ನೋಡಿ. ಅದು ಇನ್ನೊಂದು ಅವಸರದೊಳಗೆ ಕರಗಿಹೋಗಿರುತ್ತದೆ. ಆಸ್ತಿಯ ಎಲ್ಲೆಗಾಗಿ ಕಾದಾಡುವ ಮನುಷ್ಯನು ತನ್ನ ಆಯುಷ್ಯದೊಳಗೆ ಮಾತ್ರ ಕಂಡಕಂಡವರು ಕಾಲಿಡಲು ಬಿಡುತ್ತಾನೆಂದು ರೋಮಿನ ತತ್ತ್ವಜ್ಞಾನಿ ಸೆನೆಕನು ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಆಶ್ಚರ್ಯಪಟ್ಟನು. ಆಯುಷ್ಯವು ಚಿಕ್ಕದಲ್ಲ, ಅದರಲ್ಲಿ ನಮ್ಮದಾಗಿ ಉಳಿಯುವ ಭಾಗವು ಚಿಕ್ಕದು ಎಂಬುದೇ ಅವನ ಅಭಿಪ್ರಾಯದ ಸಾರ. ಹಾಗಾದರೆ ಕೇಳಬೇಕಾದ ಪ್ರಶ್ನೆ ‘ಹೊತ್ತನ್ನು ಉಳಿಸುವುದು ಹೇಗೆ’ ಎಂಬುದಲ್ಲ. ‘ಹೊತ್ತನ್ನು ನಮ್ಮದಾಗಿಸಿಕೊಳ್ಳುವುದು ಹೇಗೆ’ ಎಂಬುದು.

ಇದಕ್ಕೆ ಪ್ರಾಚೀನರು ಕಂಡುಕೊಂಡ ಅತ್ಯಂತ ಸರಳವಾದ ಒಂದು ಉಪಾಯವನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇವೆ. ನಾಲ್ಕು ಜನ ಕೂಡಿ ಬಯಲಿಗೆ ಹೋಗುವುದು, ದೇಹವು ಬೆಚ್ಚಗಾಗುವಷ್ಟು ನಡೆಯುವುದು, ಅನಂತರ ಒಂದೆಡೆ ಕುಳಿತು ಚಿಂತನೆ ಮಾಡುವುದು. ಇಷ್ಟೇ. ಇದರಲ್ಲೇನು ವಿಶೇಷವೆಂದು ಕೇಳುವವರು ತತ್ತ್ವಶಾಸ್ತ್ರದ ಇತಿಹಾಸವನ್ನು ಸ್ವಲ್ಪ ತಿರುವಿಹಾಕಬೇಕು.

ಅಥೆನ್ಸಿನಲ್ಲಿ ಪ್ಲೇಟೋ ಸುಮಾರು ಕ್ರಿ. ಪೂ. 387ರಲ್ಲಿ ತನ್ನ ಅಕಾಡೆಮಿಯನ್ನು ಸ್ಥಾಪಿಸಿದ್ದು ಊರ ಹೊರಗಿನ ಒಂದು ತೋಪಿನಲ್ಲಿ. ಅದು ಮೊದಲಿನಿಂದಲೂ ತರುಣರು ಅಂಗಸಾಧನೆ ಮಾಡುತ್ತಿದ್ದ ಸ್ಥಳ. ಅವನ ಶಿಷ್ಯನಾದ ಅರಿಸ್ಟಾಟಲ್ ಸುಮಾರು ಕ್ರಿ. ಪೂ. 335ರಲ್ಲಿ ತನ್ನ ಶಾಲೆಗೆ ಆರಿಸಿಕೊಂಡ ಲೈಸಿಯಮ್ ಕೂಡ ಕೋಟೆಯ ಹೊರಗಿನ ವ್ಯಾಯಾಮಭೂಮಿಯೇ. 1996ರಲ್ಲಿ ಆ ನಗರದಲ್ಲಿ ನೆಲವನ್ನು ಅಗೆದಾಗ ಅಲ್ಲಿ ದೊರೆತದ್ದು ಕುಸ್ತಿಯ ಅಂಗಳದ ತಳಪಾಯಗಳು. ಅರಿಸ್ಟಾಟಲನ ಅನುಯಾಯಿಗಳಿಗೆ ಬಂದ ‘ಪೆರಿಪಟೆಟಿಕ್’ ಎಂಬ ಹೆಸರು ಅಡ್ಡಾಡುವ ಹಾದಿಯೆಂಬ ಅರ್ಥದ ಗ್ರೀಕ್ ಮಾತಿನಿಂದ ಹುಟ್ಟಿದ್ದು. ಗುರುವು ಶಿಷ್ಯರೊಡನೆ ನಡೆದಾಡುತ್ತ ಪಾಠ ಹೇಳುತ್ತಿದ್ದನೆಂಬುದು ಪರಂಪರೆಯಿಂದ ಬಂದ ಮಾತು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಇಂದು ಲೋಕವೆಲ್ಲ ಬಳಸುವ ‘ಸ್ಕೂಲ್’ ಎಂಬ ಪದದ ಮೂಲವಾದ ಗ್ರೀಕ್ ‘ಸ್ಕೋಲೆ’ಗೆ ‘ಬಿಡುವು’ ಎಂದೇ ಅರ್ಥ. ಬಿಡುವೇ ಇಲ್ಲದಂತೆ ಮಕ್ಕಳನ್ನು ಓಡಿಸುವ ಇಂದಿನ ಶಾಲೆಗಳು ತಮ್ಮ ಹೆಸರನ್ನೇ ಮರೆತಿವೆಯೆಂದರೆ ತಪ್ಪಾಗಲಾರದು.

ಪ್ಲೇಟೋ ಬರೆದ ‘ಫೀಡ್ರಸ್’ ಎಂಬ ಸಂವಾದದ ಆರಂಭವನ್ನು ನೋಡಿ. ಬೆಳಗಿನಿಂದ ಒಂದೇ ಕಡೆ ಕುಳಿತು ದಣಿದ ತರುಣ ಫೀಡ್ರಸ್, ಪರಿಚಿತ ವೈದ್ಯನೊಬ್ಬನ ಸಲಹೆಯಂತೆ ಕೋಟೆಯ ಹೊರಗಿನ ದಾರಿಯಲ್ಲಿ ನಡೆಯಲು ಹೊರಟಿದ್ದಾನೆ. ಸಾಕ್ರಟೀಸನು ಜೊತೆಗೂಡುತ್ತಾನೆ. ಇಬ್ಬರೂ ಬರಿಗಾಲಲ್ಲಿ ಇಲಿಸ್ಸಸ್ ಹೊಳೆಯ ನೀರನ್ನು ತುಳಿಯುತ್ತ ಹೋಗಿ ಒಂದು ದೊಡ್ಡ ಮರದ ನೆರಳಿನಲ್ಲಿ ಕುಳಿತುಕೊಳ್ಳುತ್ತಾರೆ. ಆತ್ಮದ ಸ್ವರೂಪವನ್ನು ಕುರಿತ ಮಹತ್ತ್ವದ ವಿಚಾರವೊಂದು ಅಲ್ಲಿ ನಡೆಯುತ್ತದೆ. ಮೊದಲು ಸಂಗಾತಿ, ಅನಂತರ ನಡಿಗೆ, ಕೊನೆಯಲ್ಲಿ ನೆರಳು ಮತ್ತು ಮಾತು. ನಾವು ಮೇಲೆ ಹೇಳಿದ ಮೂರು ಅಂಗಗಳೂ ಅಲ್ಲಿ ಕ್ರಮವಾಗಿ ಬಂದಿವೆ.

ಇದು ಗ್ರೀಕರೊಬ್ಬರ ಸೊತ್ತೇನೂ ಅಲ್ಲ. ಬೌದ್ಧ ಭಿಕ್ಷುಗಳಿಗೆ ‘ಚಂಕಮ’ವೆಂಬ ಸಾಧನೆಯಿದೆ, ಎಂದರೆ ಎಚ್ಚರದಿಂದ ಅತ್ತಿಂದಿತ್ತ ನಡೆಯುವುದು. ಅಂಗುತ್ತರ ನಿಕಾಯದಲ್ಲಿ ಇದಕ್ಕೆ ಐದು ಫಲಗಳನ್ನು ಹೇಳಿದೆ. ದೂರದ ಪ್ರಯಾಣಕ್ಕೆ ಶಕ್ತಿ ಬರುತ್ತದೆ, ಸಾಧನೆಗೆ ಶಕ್ತಿ ಬರುತ್ತದೆ, ರೋಗಗಳು ಕಡಿಮೆಯಾಗುತ್ತವೆ, ಉಂಡದ್ದು ಜೀರ್ಣವಾಗುತ್ತದೆ, ನಡೆಯುತ್ತ ಪಡೆದ ಏಕಾಗ್ರತೆಯು ಬಹುಕಾಲ ನಿಲ್ಲುತ್ತದೆ. ಹೊಟ್ಟೆಯ ವಿಷಯವನ್ನೂ ಚಿತ್ತದ ವಿಷಯವನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಲು ಆ ಮಹನೀಯರು ಸಂಕೋಚಪಡಲಿಲ್ಲ. ದೇಹವನ್ನು ಕಡೆಗಣಿಸಿ ಮನಸ್ಸನ್ನು ಗೆಲ್ಲುತ್ತೇವೆಂಬ ಭ್ರಮೆಯಿಂದ ಅವರು ದೂರವಿದ್ದರು. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳಷ್ಟು ಸಾಧಾರಣ ಬಿರುಸಿನ ದೇಹಶ್ರಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿದೆ. ಬಿರುಸಾಗಿ ನಡೆಯುವವನಿಗೆ ಅದು ದಿನಕ್ಕೆ ಅರ್ಧ ಗಂಟೆಯ ಕೆಲಸ.

ನಡೆಯುವುದಾದರೆ ಒಬ್ಬರೇ ನಡೆಯಬಾರದೆ, ಗುಂಪಿನ ಗೊಡವೆ ಯಾಕೆ ಎಂದು ಕೆಲವರು ಕೇಳಬಹುದು. ಜರ್ಮನಿಯ ತತ್ತ್ವಜ್ಞಾನಿ ಕಾಂಟನು ತನ್ನ ಮುಪ್ಪಿನಲ್ಲಿ ಪ್ರತಿದಿನ ಒಬ್ಬನೇ ನಡೆಯುತ್ತಿದ್ದನು. ಜೊತೆಗಾರನಿದ್ದರೆ ಮಾತಿಗೆ ಬಾಯಿ ತೆರೆಯಬೇಕಾಗುತ್ತದೆ, ಮೂಗಿನಿಂದಲೇ ಉಸಿರಾಡುವ ನಿಯಮ ತಪ್ಪುತ್ತದೆ ಎಂಬುದು ಅವನು ಕೊಟ್ಟ ಕಾರಣ. ಆದರೆ ಅದೇ ಕಾಂಟನು ಒಬ್ಬನೇ ಕುಳಿತು ಉಣ್ಣುವುದನ್ನು ಮಾತ್ರ ಒಪ್ಪುತ್ತಿರಲಿಲ್ಲ. ಚಿಂತಿಸುವವನು ಒಂಟಿಯಾಗಿ ಉಂಡರೆ ತನ್ನ ಚಿಂತೆಗಳಿಂದಲೇ ತನ್ನನ್ನು ತಿಂದುಕೊಳ್ಳುತ್ತಾನೆಂಬುದು ಅವನ ನಂಬಿಕೆ. ಆದುದರಿಂದ ಮಧ್ಯಾಹ್ನದ ಊಟಕ್ಕೆ ಮಿತ್ರರನ್ನು ಕರೆಯುತ್ತಿದ್ದನು. ನಡಿಗೆಯಲ್ಲಿ ಬೇಡವೆಂದ ಸಂಗವನ್ನು ಅವನು ಊಟದಲ್ಲಿ ಪಡೆದನು. ಅಷ್ಟು ದೊಡ್ಡ ಬುದ್ಧಿಗೂ ದಿನದ ಒಂದು ಭಾಗದಲ್ಲಿ ಇನ್ನೊಬ್ಬರ ಬುದ್ಧಿಯ ಆಸರೆ ಬೇಕಾಯಿತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಸಂಗದಿಂದ ಮುಖ್ಯವಾಗಿ ಎರಡು ಲಾಭಗಳುಂಟು. ಮೊದಲನೆಯದು ನಿಯಮ. ಚಳಿಯ ನಸುಕಿನಲ್ಲಿ ‘ಇವತ್ತೊಂದು ದಿನ ಮಲಗೋಣ’ ಎಂದು ಮನಸ್ಸು ಹೇಳುತ್ತದೆ. ಒಬ್ಬನೇ ಇದ್ದರೆ ಆ ಮಾತಿಗೆ ಎದುರು ಹೇಳುವವರಿಲ್ಲ. ಬಾಗಿಲ ಹೊರಗೆ ಮೂವರು ಕಾಯುತ್ತಿದ್ದಾರೆಂದು ತಿಳಿದವನು ಎದ್ದೇ ಏಳುತ್ತಾನೆ. ಎರಡನೆಯದು ಇದಕ್ಕಿಂತ ಹಿರಿದಾದುದು. ಕೂಡಿ ನಡೆಯುವಾಗ ಎಲ್ಲರಿಗಿಂತ ನಿಧಾನವಾಗಿ ನಡೆಯುವವನ ಹೆಜ್ಜೆಗೆ ಉಳಿದವರು ತಮ್ಮ ಹೆಜ್ಜೆಯನ್ನು ಹೊಂದಿಸಿಕೊಳ್ಳಬೇಕಾಗುತ್ತದೆ. ಮಂಡಿನೋವಿನ ಹಿರಿಯರೊಬ್ಬರು ಹಿಂದುಳಿದಾಗ ತರುಣನು ನಿಂತು ಕಾಯುವ ಆ ಅರ್ಧ ನಿಮಿಷವನ್ನು ವ್ಯಾಯಾಮದ ಲೆಕ್ಕದಲ್ಲಿ ಯಾರೂ ಬರೆಯುವುದಿಲ್ಲ. ನಮ್ಮ ಮಟ್ಟಿಗೆ ಕಾಲದ ಅತ್ಯುತ್ತಮ ವಿನಿಯೋಗವು ಅದೇ. ತನ್ನ ಹೊತ್ತನ್ನು ಇನ್ನೊಬ್ಬನಿಗಾಗಿ ತಡೆದು ನಿಲ್ಲಿಸುವ ಅಭ್ಯಾಸವು ಮನುಷ್ಯನಿಗೆ ಅಲ್ಲಿ ಆಗುತ್ತದೆ.

ಚಿಂತನೆ ಯಾಕೆ ಬೇಕೆಂಬ ಪ್ರಶ್ನೆಗೆ ಹೆಚ್ಚು ಉತ್ತರ ಬೇಡ. ಇಂದು ನಮ್ಮ ಪಟ್ಟಣಗಳ ಉದ್ಯಾನಗಳಲ್ಲಿ ಬೆಳಗಿನ ಹೊತ್ತು ಗುಂಪುಗುಂಪಾಗಿ ನಡೆಯುವವರಿಗೆ ಕೊರತೆಯಿಲ್ಲ. ಸಂತೋಷದ ಸಂಗತಿಯೇ. ಆದರೆ ಅವರ ಹಿಂದೆ ಸ್ವಲ್ಪ ದೂರ ನಡೆದು ಕಿವಿಗೊಟ್ಟರೆ ನಿವೇಶನದ ಬೆಲೆ, ನೆರೆಯವರ ನಿಂದೆ, ಚುನಾವಣೆಯ ಲೆಕ್ಕಾಚಾರಗಳೇ ಕೇಳಿಬರುತ್ತವೆ. ಇನ್ನು ಕೆಲವರು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಮೊಬೈಲಿನಲ್ಲಿ ಹೆಜ್ಜೆಗಳ ಸಂಖ್ಯೆಯನ್ನು ನೋಡಿಕೊಳ್ಳುತ್ತ, ಪಕ್ಕದಲ್ಲಿರುವವನ ಮುಖವನ್ನೇ ನೋಡದೆ ಹೋಗುತ್ತಾರೆ. ಇಂಥ ನಡಿಗೆಯಿಂದ ದೇಹಕ್ಕೆ ಹಿತವಾದೀತು. ಹೊತ್ತು ಮಾತ್ರ ನಮ್ಮದಾಗದು. ಕೊನೆಯಲ್ಲಿ ಹತ್ತು ನಿಮಿಷ ಸುಮ್ಮನೆ ಕುಳಿತು, ನಿನ್ನೆಯ ದಿನವನ್ನು ಕಣ್ಣೆದುರಿಗೆ ತಂದುಕೊಂಡು, ಒಂದೇ ಒಂದು ಪ್ರಶ್ನೆಯನ್ನು ಕೇಳಿಕೊಂಡಾಗ ಮಾತ್ರ ನಡಿಗೆಯು ಪೂರ್ಣವಾಗುತ್ತದೆ.

ಈ ಮೂರೂ ಅಂಗಗಳನ್ನು ನಮ್ಮ ಕಾಲಕ್ಕೆ ಸಮೀಪದಲ್ಲಿ ಮಹತ್ತರವಾಗಿ ಆಚರಿಸಿ ತೋರಿದವರು ಗಾಂಧೀಜಿ. 1930ರ ಮಾರ್ಚ್ 12ರಂದು ಅವರು ತಾವೇ ಆಯ್ದ 78 ಜನರೊಡನೆ ಸಾಬರಮತಿಯಿಂದ ಹೊರಟು, ಸುಮಾರು 240 ಮೈಲಿ ನಡೆದು, ಏಪ್ರಿಲ್ 5ರಂದು ದಾಂಡಿಯನ್ನು ಸೇರಿದರು. ಅವರಿಗಾಗ ಅರವತ್ತು ತುಂಬಿತ್ತು. ನಮ್ಮ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು ಹದಿನೆಂಟರ ಹರೆಯದಲ್ಲಿ ಆ ತಂಡದಲ್ಲಿದ್ದರೆಂಬುದು ಕನ್ನಡಿಗರ ಹೆಮ್ಮೆ. ಉಪ್ಪಿನ ಕಾನೂನನ್ನು ಮುರಿಯುವ ಯಾತ್ರೆಯೆಂದಷ್ಟೇ ಅದನ್ನು ನೆನೆಯುತ್ತೇವೆ. ಆದರೆ ಪ್ರತಿಯೊಬ್ಬ ಯಾತ್ರಿಕನಿಗೂ ಪ್ರಾರ್ಥನೆ, ನೂಲುವುದು, ದಿನಚರಿ ಬರೆಯುವುದು ಈ ಮೂರು ನಿತ್ಯನಿಯಮಗಳಾಗಿದ್ದವು. ದಿನವೆಲ್ಲ ನಡೆದು ಕಾಲು ಬೊಬ್ಬೆಯೆದ್ದವರೂ ಆ ದಿನದ ತಮ್ಮ ನಡತೆಯನ್ನು ತಾವೇ ಬರೆದಿಡಬೇಕಿತ್ತು.

ಆ ಯಾತ್ರೆಯಲ್ಲಿ ನಡೆದ ಒಂದು ಘಟನೆಯನ್ನು ವಾಚಕರು ಮನಸ್ಸಿಟ್ಟು ಗಮನಿಸಬೇಕು. ರಾತ್ರಿಯ ನಡಿಗೆಗೆ ಬೆಳಕು ಬೇಕೆಂದು ಭಾರವಾದ ಸೀಮೆಎಣ್ಣೆ ದೀಪವನ್ನು ಒಬ್ಬ ಕೂಲಿಯವನ ತಲೆಯ ಮೇಲೆ ಹೊರಿಸಿದ್ದರು. ಬೇಗ ನಡೆಯೆಂದು ಅವನನ್ನು ಅವಸರಪಡಿಸುತ್ತಿದ್ದರು. ಅದನ್ನು ನೋಡಲಾರದೆ ಗಾಂಧೀಜಿ ತಾವೇ ಬಿರುಸಾಗಿ ಮುಂದೆ ಸಾಗಿದರು. ಆದರೆ ಆ ಬಡವನನ್ನೂ ಅವರ ಹಿಂದೆ ಓಡಿಸಲಾಯಿತು. ಮಾರ್ಚ್ 29ರಂದು ಭಾಟಗಾಮ್ ಎಂಬ ಹಳ್ಳಿಯಲ್ಲಿ ಅವರು ಈ ಸಂಗತಿಯನ್ನು ಎಲ್ಲರೆದುರಿಗೆ ಎತ್ತಿ ಆಡಿದರು. ಸೂರತ್ತಿನಿಂದ ಮೋಟಾರಿನಲ್ಲಿ ಹಾಲು ತರಿಸಿದ್ದನ್ನೂ ಖಂಡಿಸಿದರು. ಹೊರಬೇಕಾದ ಹೊರೆಯಾಗಿದ್ದರೆ ನಮ್ಮಲ್ಲೊಬ್ಬನು ಹೊರಬೇಕಿತ್ತು ಎಂಬುದು ಅವರ ಮಾತಿನ ತಾತ್ಪರ್ಯ. ಸ್ವಾತಂತ್ರ್ಯಕ್ಕಾಗಿ ಹೊರಟವರ ನಡಿಗೆಯೇ ಒಬ್ಬನ ತಲೆಯ ಭಾರವಾಗಿತ್ತು. ಅದನ್ನು ಕಂಡುಹಿಡಿದದ್ದು ಸರಕಾರವಲ್ಲ, ಟೀಕಾಕಾರರಲ್ಲ, ಯಾತ್ರಿಕರ ಆತ್ಮಪರೀಕ್ಷೆ.

ಇಲ್ಲಿಂದ ನಮ್ಮ ವಿಚಾರವು ಕಠಿಣವಾದ ಹಂತಕ್ಕೆ ಬರುತ್ತದೆ. ನಮಗೆ ದೊರೆತ ಬಿಡುವು ಯಾರಿಂದ ಬಂತು? ಅಥೆನ್ಸಿನ ತೋಪುಗಳಲ್ಲಿ ನಡೆದಾಡಿದವರ ಬಿಡುವಿನ ಕೆಳಗೆ ಗುಲಾಮರ ದುಡಿಮೆಯಿತ್ತು. ಬಿಡುವಿಗಾಗಿಯೇ ದುಡಿಮೆಯೆಂದು ಅಷ್ಟು ಚೆನ್ನಾಗಿ ಹೇಳಿದ ಅರಿಸ್ಟಾಟಲ್, ಕೆಲವರು ಹುಟ್ಟಿನಿಂದಲೇ ಗುಲಾಮರಾಗಲು ತಕ್ಕವರೆಂದೂ ವಾದಿಸಿದನು. ನಡೆಯುತ್ತ ಆಕಾಶದಷ್ಟು ವಿಚಾರ ಮಾಡಿದವನಿಗೆ ಮನೆಯ ಹಿತ್ತಲಿನ ಅನ್ಯಾಯವು ಕಾಣಲಿಲ್ಲ. ಇದನ್ನು ಓದುವಾಗ ವಿದ್ಯಾರ್ಥಿದಶೆಯಲ್ಲಿ ನಾವು ಅವನ ಮೇಲೆ ಸಿಟ್ಟಾಗುತ್ತಿದ್ದೆವು. ಮುಂದೆ ನಮಗೇ ಒಂದು ಪಾಠವಾಯಿತು.

ನಾವು ಬಲ್ಲ ಒಂದು ವಿದ್ಯಾರ್ಥಿನಿಲಯದ ಸಂಗತಿಯಿದು. ಅಲ್ಲಿನ ಮೂವತ್ತು ಹುಡುಗರು ನಸುಕಿನಲ್ಲೆದ್ದು ಕೆರೆಯ ಏರಿಯವರೆಗೆ ನಡೆದುಹೋಗಿ, ಹುಣಸೆಮರದ ಕೆಳಗೆ ಹತ್ತು ನಿಮಿಷ ಕುಳಿತು ಬರುವ ಯೋಜನೆಯನ್ನು ಸೂಚಿಸಿದವರು ನಾವೇ. ದಿನಕ್ಕೊಬ್ಬ ಹುಡುಗ ಒಂದು ಪ್ರಶ್ನೆಯನ್ನು ತರಬೇಕು. ಎಲ್ಲರೂ ಮೌನವಾಗಿ ಯೋಚಿಸಿ, ಇಷ್ಟವಿದ್ದವರು ಉತ್ತರ ಹೇಳಬೇಕು. ಯೋಜನೆಯು ಚೆನ್ನಾಗಿ ನಡೆಯಿತು. ತೂಕಡಿಸುವವರು ಕಡಿಮೆಯಾದರು, ಜಗಳಗಳು ಕಡಿಮೆಯಾದವು. ಕಾರ್ಯಕ್ರಮವೊಂದರಲ್ಲಿ ನಾವು ಅದನ್ನು ಹೊಗಳಿ ಮಾತನಾಡಿದ್ದೂ ಆಯಿತು.

ಒಂದು ದಿನ ನಾವೂ ಅವರ ಜೊತೆ ಹೋಗಿದ್ದೆವು. ಅಂದಿನ ಹುಡುಗ ತಂದ ಪ್ರಶ್ನೆ: ‘ನಿನ್ನೆ ನನ್ನ ಸಲುವಾಗಿ ಯಾರು ಎಷ್ಟು ಹೊತ್ತು ದುಡಿದರು?’ ಒಬ್ಬನು ತಂದೆಯನ್ನು ನೆನೆದನು, ಒಬ್ಬನು ಗುರುಗಳನ್ನು ನೆನೆದನು. ಕೊನೆಯಲ್ಲಿ ಕುಳಿತಿದ್ದ ಚಿಕ್ಕ ಹುಡುಗನೊಬ್ಬ ತಲೆ ತಗ್ಗಿಸಿಕೊಂಡು, ‘ನಾವು ನಡೆಯಲು ಹತ್ತಿದ ಮೇಲೆ ಅಡಿಗೆಯ ಅವ್ವ ಮೂರೂವರೆಗೆ ಏಳುತ್ತಾಳೆ’ ಎಂದನು. ಹಿಂತಿರುಗುವಷ್ಟರಲ್ಲಿ ಹುಡುಗರಿಗೆ ಹಸಿವೆ ಹೆಚ್ಚು. ಶಾಲೆಗೆ ಮುಂಚೆ ಎಲ್ಲರಿಗೂ ಬಿಸಿ ರೊಟ್ಟಿಯಾಗಬೇಕು. ಮೊದಲು ನೀರು ಸೇದಲು, ಕಟ್ಟಿಗೆ ತರಲು ಒಬ್ಬಿಬ್ಬರು ಹುಡುಗರು ಕೈಹಚ್ಚುತ್ತಿದ್ದರು. ಈಗ ಅವರೆಲ್ಲ ಕೆರೆಯ ಏರಿಯ ಮೇಲೆ. ಆ ತಾಯಿಯ ಒಂದು ಗಂಟೆಯ ನಿದ್ರೆಯನ್ನು ಕತ್ತರಿಸಿ ನಾವು ಮೂವತ್ತು ಮಂದಿಗೆ ಸದ್ವಿಚಾರವನ್ನು ಹಂಚಿದ್ದೆವು. ಅಂದು ಮರದ ಕೆಳಗೆ ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಅರಿಸ್ಟಾಟಲನ ಮೇಲಿದ್ದ ನಮ್ಮ ಸಿಟ್ಟು ಆಗ ಎಲ್ಲಿಗೆ ಹೋಯಿತೋ ತಿಳಿಯದು.

ಹಿಂತಿರುಗಿ ಬಂದು ಆಕೆಯನ್ನು ಕೇಳಿದಾಗ, ‘ಏನ್ ಮಾಡೋದ್ರಿ ಅಪ್ಪಾರ, ಹುಡುಗ್ರು ಶಾಣ್ಯಾ ಆಗ್ಲಿ ಅಂತ ಸುಮ್ಮನಿದ್ದೆ’ ಎಂದಳು. ಆ ಮಾತು ಬೈಗುಳಕ್ಕಿಂತ ಹೆಚ್ಚು ನಾಟಿತು. ಮರುದಿನದಿಂದ ಹುಡುಗರೇ ಸರದಿಯನ್ನು ಗೊತ್ತುಮಾಡಿಕೊಂಡರು. ದಿನಕ್ಕೆ ಆರು ಮಂದಿ ಹಿಂದುಳಿದು ನೀರು, ಒಲೆ, ಹಿಟ್ಟು ನಾದುವುದು ಇವುಗಳನ್ನು ನೋಡಿಕೊಳ್ಳಬೇಕು. ನಮ್ಮ ವ್ಯಾಯಾಮ ತಪ್ಪುತ್ತದೆಂದು ಮೊದಮೊದಲು ಕೆಲವರು ಗೊಣಗಿದರು. ಮೂವತ್ತು ಮಂದಿಯ ಹಿಟ್ಟನ್ನು ನಾದಿದ ಮೇಲೆ ಆ ಗೊಣಗಾಟವು ತಾನಾಗಿಯೇ ನಿಂತಿತು. ರವಿವಾರ ಮಾತ್ರ ಬೆಳಗಿನ ಅಡಿಗೆಯು ಪೂರ್ತಿಯಾಗಿ ಹುಡುಗರದು. ಅಂಥ ಒಂದು ರವಿವಾರ ಆಕೆಯೂ ಅವರ ಸಂಗಡ ಕೆರೆಗೆ ಹೋದಳಂತೆ. ಮರದ ಕೆಳಗೆ ಕುಳಿತು, ‘ಈ ಕೆರಿಗೆ ಬಟ್ಟಿ ಒಗಿಯಾಕ ಬಂದೀನಿ, ಕುಂಡ್ರಾಕ ಬಂದಿದ್ದು ಇದ ಮೊದಲು’ ಎಂದಳಂತೆ. ಹುಡುಗರು ಈ ಮಾತನ್ನು ನಮಗೆ ಬಂದು ಹೇಳಿದಾಗ, ಕಾಲದ ಸದ್ವಿನಿಯೋಗವೆಂಬ ವಿಷಯದ ಮೇಲೆ ನಾವು ಮಾಡಿದ ಭಾಷಣಗಳೆಲ್ಲ ಅಪೂರ್ಣವಾಗಿದ್ದವೆಂದು ತೋರಿತು.

ಆದುದರಿಂದ ವಾಚಕರೇ, ನಮ್ಮ ವಿಚಾರದ ಸಾರವು ಇಷ್ಟು. ತನ್ನ ಹೊತ್ತನ್ನು ಸದುಪಯೋಗ ಮಾಡಿಕೊಳ್ಳುವುದು ಪುಣ್ಯದ ಕೆಲಸವೇ ಸರಿ. ಆದರೆ ಅದು ಇನ್ನೊಬ್ಬರ ಹೊತ್ತನ್ನು ಕಸಿದುಕೊಂಡು ಆಗಬಾರದು. ಕಸಿದುಕೊಂಡಿದ್ದೇವೆಯೋ ಇಲ್ಲವೋ ಎಂಬುದು ಕೇವಲ ನಡೆಯುವುದರಿಂದ ತಿಳಿಯದು. ಕುಳಿತು ಯೋಚಿಸಿದಾಗ ತಿಳಿಯುತ್ತದೆ. ಒಬ್ಬರೇ ಯೋಚಿಸಿದರೂ ಅನೇಕ ವೇಳೆ ತಿಳಿಯದು. ನಮಗೆ ಕಾಣದ್ದನ್ನು ಕಂಡ ಚಿಕ್ಕವನೊಬ್ಬನು ಜೊತೆಯಲ್ಲಿರಬೇಕಾಗುತ್ತದೆ. ವ್ಯಾಯಾಮ, ಸಂಗ, ಚಿಂತನೆ ಈ ಮೂರನ್ನೂ ಕೂಡಿಸಿ ಹೇಳಿದ್ದು ಈ ಕಾರಣದಿಂದ. ಇವುಗಳಲ್ಲಿ ಒಂದನ್ನು ತೆಗೆದರೂ ಉಳಿದೆರಡು ಸ್ವಾರ್ಥದ ಕಡೆಗೆ ಜಾರುತ್ತವೆ. ಹೊಲದಲ್ಲಿ ದಿನವಿಡೀ ಬೆನ್ನು ಬಗ್ಗಿಸುವವನಿಗೆ ವ್ಯಾಯಾಮದ ಉಪದೇಶ ಬೇಕಾಗಿಲ್ಲ; ಅವನಿಗೆ ಬೇಕಾದದ್ದು ಕುಳಿತುಕೊಳ್ಳುವ ಹತ್ತು ನಿಮಿಷ. ಕುರ್ಚಿಯಲ್ಲಿ ದಿನವಿಡೀ ಕುಳಿತವನಿಗೆ ಬೇಕಾದದ್ದು ನಡೆಯುವ ಅರ್ಧ ಗಂಟೆ. ಇವರಿಬ್ಬರೂ ಒಂದೇ ಮರದ ಕೆಳಗೆ ಸೇರುವಂತಾದರೆ ಇಬ್ಬರ ಹೊತ್ತೂ ಸಾರ್ಥಕವಾಗುತ್ತದೆ.

ಪ್ರತಿವರ್ಷ ಯುಗಾದಿಯ ಮುಂಚೆ ನಮ್ಮ ಉತ್ತರ ಕರ್ನಾಟಕದ ಸಾವಿರಾರು ಜನರು ಶ್ರೀಶೈಲಕ್ಕೆ ನಡೆದುಹೋಗುತ್ತಾರೆ. ದಾರಿಯ ಊರಿನವರು ಅವರಿಗೆ ನೀರು, ಮಜ್ಜಿಗೆ, ಪ್ರಸಾದಗಳನ್ನು ಕೊಟ್ಟು ಉಪಚರಿಸುತ್ತಾರೆ. ಒಕ್ಕಲುತನದ ಜನರಿಗೆ ಕೂಡಿ ನಡೆಯುವುದನ್ನು ನಾವು ಹೊಸದಾಗಿ ಕಲಿಸಬೇಕಾದುದೇನೂ ಇಲ್ಲ. ವರ್ಷಕ್ಕೊಮ್ಮೆ ಮಾಡುವುದನ್ನು ದಿನಕ್ಕೆ ಒಂದು ಗಂಟೆಯಷ್ಟು ಮಾಡಿಕೊಂಡರೆ ಸಾಕು. ಮುಕ್ಕಾಲು ಗಂಟೆ ನಡೆಯಿರಿ. ಗುಂಪು ಚಿಕ್ಕದಾಗಿರಲಿ. ಹಿಂದುಳಿದವನಿಗಾಗಿ ನಿಲ್ಲಿರಿ. ಮೊಬೈಲು ಮನೆಯಲ್ಲಿರಲಿ. ಕೊನೆಯ ಕಾಲು ಗಂಟೆ ಕುಳಿತು ಒಂದು ಪ್ರಶ್ನೆಯನ್ನು ವಿಚಾರಿಸಿರಿ. ಮೊದಲ ದಿನದ ಪ್ರಶ್ನೆಯನ್ನು ಬೇಕಾದರೆ ಆ ಹುಡುಗನಿಂದಲೇ ಎರವಲು ಪಡೆಯಿರಿ: ನಿನ್ನೆ ನನ್ನ ಸಲುವಾಗಿ ಯಾರು ಎಷ್ಟು ಹೊತ್ತು ದುಡಿದರು?

ಈ ಪ್ರಶ್ನೆಗೆ ಉತ್ತರವು ಬಹುಮಟ್ಟಿಗೆ ನಿಮ್ಮ ಮನೆಯ ಅಡಿಗೆಮನೆಯಲ್ಲಿಯೇ ದೊರೆಯುತ್ತದೆ. ಅದನ್ನು ಕಂಡುಕೊಂಡ ದಿನ ಸ್ವಲ್ಪ ಬೇಗನೆ ಮನೆಗೆ ಹಿಂತಿರುಗಿರಿ.